ಶಾಲೆಯ ಗೇಟಿನಿಂದ ನೂರು ಮೀಟರ್



2025ರ ಮೇ 30ರಂದು, ವಿಶ್ವ ತಂಬಾಕುರಹಿತ ದಿನಕ್ಕೆ ಒಂದು ದಿನ ಮೊದಲು, ಕರ್ನಾಟಕದ ರಾಜ್ಯಪತ್ರದಲ್ಲಿ ಒಂದು ತಿದ್ದುಪಡಿ ಕಾಯ್ದೆ ಪ್ರಕಟವಾಯಿತು. ಕೇಂದ್ರದ 2003ರ ತಂಬಾಕು ನಿಯಂತ್ರಣ ಕಾಯ್ದೆಗೆ, ಅಂದರೆ ಎಲ್ಲರ ಬಾಯಲ್ಲೂ ‘ಕೋಟ್ಪಾ’ ಆಗಿರುವ ಕಾಯ್ದೆಗೆ, ರಾಜ್ಯದ ವಿಧಾನಮಂಡಲ 2024ರ ಫೆಬ್ರುವರಿಯಲ್ಲೇ ಮಾಡಿದ್ದ ತಿದ್ದುಪಡಿ ಅದು. ರಾಷ್ಟ್ರಪತಿಗಳ ಅಂಕಿತಕ್ಕಾಗಿ ವರ್ಷಕ್ಕೂ ಹೆಚ್ಚು ಕಾಲ ಕಾದಿತ್ತು. ಅದರಂತೆ ಕರ್ನಾಟಕದಲ್ಲಿ ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು. ಶಾಲೆ ಕಾಲೇಜುಗಳ ಸುತ್ತ 100 ಮೀಟರ್ ಒಳಗೆ ತಂಬಾಕು ಮಾರುವಂತಿಲ್ಲ. ಸಿಗರೇಟನ್ನು ಬಿಡಿಬಿಡಿಯಾಗಿ ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ತಂಬಾಕು ಬಳಸಿದರೆ 200 ರೂಪಾಯಿ ಇದ್ದ ದಂಡ ಈಗ 1,000. ಹುಕ್ಕಾ ಬಾರ್ ನಡೆಸಿದವರಿಗೆ ಒಂದರಿಂದ ಮೂರು ವರ್ಷ ಜೈಲು, ಜೊತೆಗೆ 50 ಸಾವಿರದಿಂದ ಒಂದು ಲಕ್ಷದವರೆಗೆ ದಂಡ.

ಕಾಯ್ದೆಯಲ್ಲಿ ಇಷ್ಟು ಬರೆದಾಯಿತು. ಇನ್ನು ಆಗಬೇಕಾದ ಕೆಲಸ ಬೆಂಗಳೂರಿನ ವಿಧಾನಸೌಧದಲ್ಲಿ ಆಗುವಂಥದ್ದಲ್ಲ. ಅದು ಆಗಬೇಕಾದದ್ದು ಪುರಸಭೆಯ ಉದ್ದಿಮೆ ಪರವಾನಗಿ ವಿಭಾಗದಲ್ಲಿ, ಗ್ರಾಮ ಪಂಚಾಯಿತಿಯ ಸಭೆಯಲ್ಲಿ, ಶಾಲೆಯ ಎದುರಿನ ಗೂಡಂಗಡಿಯಲ್ಲಿ.

ಯಾವುದೇ ತಾಲ್ಲೂಕು ಕೇಂದ್ರದ ಪದವಿಪೂರ್ವ ಕಾಲೇಜಿನ ಹತ್ತಿರದ ಒಂದು ಗೂಡಂಗಡಿಯ ಮುಂದೆ ನಿಂತು ನೋಡಬೇಕು. ಮೇಲಿನ ತಂತಿಗೆ ಪಾನ್ ಮಸಾಲೆ ಪೊಟ್ಟಣಗಳ ಸರಗಳು ಜೋತುಬಿದ್ದಿರುತ್ತವೆ. ಪಕ್ಕದಲ್ಲೇ, ಅದೇ ಹೆಸರಿಗೆ ಹತ್ತಿರದ ಹೆಸರು ಹೊತ್ತ ತಂಬಾಕಿನ ಪುಟ್ಟ ಪೊಟ್ಟಣಗಳ ಇನ್ನೊಂದು ಸರ. ಕೆಳಗೆ, ಹುಡುಗರ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಚಾಕೊಲೇಟ್, ಪೆಪ್ಪರ್‌ಮಿಂಟು, ಚಕ್ಕುಲಿಯ ಬಾಟಲಿಗಳು. ಅವುಗಳ ಹಿಂದೆ ಸಿಗರೇಟಿನ ಪ್ಯಾಕುಗಳು. ಕೆಲವು ಪ್ಯಾಕುಗಳ ಸಿಗರೇಟಿನ ಫಿಲ್ಟರಿನೊಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡದೊಂದು ಗುಳಿಗೆ ಇರುತ್ತದೆ. ಬೆರಳಲ್ಲಿ ಒತ್ತಿದರೆ ಟಕ್ಕೆಂದು ಒಡೆದು ಪುದೀನಾದ ತಂಪು ಹೊಗೆಗೆ ಬೆರೆಯುತ್ತದೆ. ಇವು ಕದ್ದು ಮಾರುವ ಸರಕಲ್ಲ. ಸಿಗರೇಟಿಗೆ ಪರಿಮಳ ಸೇರಿಸಬಾರದೆಂದು ಭಾರತದಲ್ಲಿ ಯಾವ ಕಾಯ್ದೆಯೂ ಹೇಳಿಲ್ಲ.

ಈ ಪರಿಮಳದ ಕೆಲಸವೇನು?

ತಂಬಾಕಿನ ಮೊದಲ ಅನುಭವ ಯಾರಿಗೂ ಹಿತವಾದದ್ದಲ್ಲ. ಗಂಟಲು ಉರಿಯುತ್ತದೆ, ಕೆಮ್ಮು ಬರುತ್ತದೆ, ತಲೆ ಸುತ್ತುತ್ತದೆ. ಹದಿನಾರರ ಹುಡುಗನನ್ನು ಮೊದಲ ದಿನವೇ ಹಿಂದಕ್ಕೆ ತಳ್ಳುವ ಕಾವಲು ಅದು. ಮೆಂಥಾಲ್ ಗಂಟಲಿಗೆ ತಂಪನ್ನು ಕೊಟ್ಟು ಆ ಉರಿಯನ್ನು ಮರೆಸುತ್ತದೆ. ಏಲಕ್ಕಿ, ಗುಲಾಬಿ, ಲವಂಗ, ಕೇಸರಿಗಳು ಜಗಿಯುವ ತಂಬಾಕಿನ ಕಟು ವಾಸನೆಯನ್ನು ಮುಚ್ಚುತ್ತವೆ. ಹುಕ್ಕಾದ ಸೇಬು, ದ್ರಾಕ್ಷಿ, ಪುದೀನಾ ಪರಿಮಳಗಳು ಹೊಗೆಯನ್ನು ತಿಂಡಿಯ ಹಾಗೆ ತೋರಿಸುತ್ತವೆ. ಕಾವಲು ಸರಿದ ಮೇಲೆ ನಿಕೋಟಿನ್ ತನ್ನ ಕೆಲಸ ಮಾಡುತ್ತದೆ. ಸೇದಿದ ಕೆಲವೇ ಸೆಕೆಂಡುಗಳಲ್ಲಿ ಅದು ಮೆದುಳಿಗೆ ತಲುಪುತ್ತದೆ. ಮನುಷ್ಯನ ಮೆದುಳು ಸುಮಾರು 25ನೇ ವಯಸ್ಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಬೆಳೆಯುತ್ತಿರುವ ಮೆದುಳು ಚಟವನ್ನು ಬೇಗ ಕಲಿಯುತ್ತದೆ, ಬಹಳ ನಿಧಾನವಾಗಿ ಬಿಡುತ್ತದೆ.

ಈ ವಯಸ್ಸಿನ ಲೆಕ್ಕಕ್ಕೆ ಕರ್ನಾಟಕದ ಅಂಕಿಗಳೇ ಸಾಕ್ಷಿ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯಲ್ಲಿ 13ರಿಂದ 15 ವರ್ಷದ ವಿದ್ಯಾರ್ಥಿಗಳ ಪೈಕಿ ತಂಬಾಕು ಬಳಸುವವರು ದೇಶದಲ್ಲಿ ಶೇ. 8.5ರಷ್ಟಿದ್ದರೆ, ಕರ್ನಾಟಕದಲ್ಲಿ ಶೇ. 1.2 ಮಾತ್ರ. ದೇಶದ ಅತಿ ಕಡಿಮೆ ಪ್ರಮಾಣಗಳಲ್ಲಿ ಇದೂ ಒಂದು, ಹೆಮ್ಮೆಪಡಬೇಕಾದ ಸಂಗತಿ. ಆದರೆ 2016–17ರ ವಯಸ್ಕರ ತಂಬಾಕು ಸಮೀಕ್ಷೆ ನೋಡಿದರೆ ಇದೇ ರಾಜ್ಯದಲ್ಲಿ 15 ದಾಟಿದವರ ಪೈಕಿ ಶೇ. 22.8ರಷ್ಟು ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಎರಡೂ ಸಮೀಕ್ಷೆಗಳ ಕಾಲ ಬೇರೆ, ಜನರೂ ಬೇರೆ, ನಿಜ. ಹಾಗಿದ್ದರೂ ಈ ಎರಡು ಸಂಖ್ಯೆಗಳ ನಡುವಿನ ಅಂತರ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ಹತ್ತನೇ ತರಗತಿಯವರೆಗೆ ತಂದೆತಾಯಿ, ಮೇಷ್ಟ್ರುಗಳ ಕಣ್ಗಾವಲಲ್ಲಿ ಉಳಿದ ಮಕ್ಕಳು ಪಿಯುಸಿ, ಐಟಿಐ, ಡಿಗ್ರಿ, ಮೊದಲ ಕೆಲಸ, ಹಾಸ್ಟೆಲ್ಲು, ಪೇಯಿಂಗ್ ಗೆಸ್ಟ್ ಕೊಠಡಿ ಎನ್ನುವ ಐದಾರು ವರ್ಷಗಳಲ್ಲಿ ಕೈತಪ್ಪುತ್ತಾರೆ. ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿದ್ದರ ಹಿಂದಿನ ತರ್ಕ ಇದೇ.

ಪರಿಮಳದ ತಂಬಾಕಿಗೆ ಕಡಿವಾಣ ಹಾಕುವ ಪ್ರಯತ್ನ ಕರ್ನಾಟಕಕ್ಕೆ ಹೊಸದಲ್ಲ. ಮೊದಲು ಗುರಿಯಾದದ್ದು ಗುಟ್ಕಾ. ಆಹಾರ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಇರಕೂಡದು ಎಂದು 2011ರ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಅಡಿಕೆ, ಸುಣ್ಣ, ಕಾಚು, ಪರಿಮಳಗಳ ಜೊತೆ ತಂಬಾಕು ಬೆರೆಸಿ ಪೊಟ್ಟಣ ಕಟ್ಟಿದ ಗುಟ್ಕಾ ಈ ನಿಯಮದಡಿ ಸಿಕ್ಕಿಬಿತ್ತು. 2013ರ ಮೇ ಕೊನೆಯಲ್ಲಿ ಕರ್ನಾಟಕ ಅದನ್ನು ನಿಷೇಧಿಸಿತು. ಮಲೆನಾಡಿನ ಅಡಿಕೆ ಬೆಳೆಗಾರರು ಆತಂಕಗೊಂಡರು. ನಿಷೇಧ ಸರಿಯೇ ತಪ್ಪೇ ಎಂದು ಪತ್ರಿಕೆಗಳಲ್ಲಿ ವಾರಗಟ್ಟಲೆ ಚರ್ಚೆಯಾಯಿತು.

ಕಂಪನಿಗಳು ಚರ್ಚೆಯಲ್ಲಿ ಕಾಲ ಕಳೆಯಲಿಲ್ಲ. ಒಂದು ಪೊಟ್ಟಣವನ್ನು ಎರಡು ಮಾಡಿದವು. ಒಂದರಲ್ಲಿ ತಂಬಾಕಿಲ್ಲದ ಪಾನ್ ಮಸಾಲೆ, ಇನ್ನೊಂದರಲ್ಲಿ ಬರೀ ತಂಬಾಕು. ಗಿರಾಕಿ ಎರಡನ್ನೂ ಕೊಂಡು, ಹರಿದು, ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಂಡರೆ ಗುಟ್ಕಾ ತಯಾರು. ಗೂಡಂಗಡಿಯ ತಂತಿಯಲ್ಲಿ ಅಕ್ಕಪಕ್ಕ ತೂಗುವ ಎರಡು ಸರಗಳ ಕಥೆ ಇದು. ಈ ಜೋಡಿ ಪೊಟ್ಟಣದ ಮಾರಾಟ 2016ರಲ್ಲಿ ಸುಪ್ರೀಂ ಕೋರ್ಟಿನ ಗಮನಕ್ಕೂ ಬಂತು. ನಿಷೇಧವನ್ನು ಪೂರ್ತಿಯಾಗಿ ಜಾರಿ ಮಾಡಿ ಎಂದು ನ್ಯಾಯಾಲಯ ರಾಜ್ಯಗಳಿಗೆ ಸೂಚಿಸಿತು. ಸರಗಳು ಮಾತ್ರ ಇಂದಿಗೂ ತೂಗುತ್ತಲೇ ಇವೆ.

ಎರಡನೆಯದು ಇ–ಸಿಗರೇಟು, ಹುಡುಗರ ಭಾಷೆಯಲ್ಲಿ ವೇಪ್. ಈ ವಿಷಯದಲ್ಲಿ ಕರ್ನಾಟಕ ಕೇಂದ್ರಕ್ಕಿಂತ ಮೂರು ವರ್ಷ ಮುಂದಿತ್ತು. 2016ರ ಜೂನ್‌ನಲ್ಲಿಯೇ ರಾಜ್ಯದಲ್ಲಿ ಅದರ ಮಾರಾಟಕ್ಕೆ ನಿಷೇಧ ಬಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಸುಗ್ರೀವಾಜ್ಞೆಗೆ ಒಪ್ಪಿಗೆ ಕೊಟ್ಟಿತು. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದ ಅರ್ಥಸಚಿವೆ ನಿರ್ಮಲಾ ಸೀತಾರಾಮನ್ ಅದನ್ನು ಪ್ರಕಟಿಸುತ್ತಾ, ಮಾರುಕಟ್ಟೆಯಲ್ಲಿ 400ಕ್ಕೂ ಹೆಚ್ಚು ಬ್ರಾಂಡ್‌ಗಳು, 150ಕ್ಕೂ ಹೆಚ್ಚು ಪರಿಮಳಗಳು ಇವೆಯೆಂದು ತಿಳಿಸಿದ್ದರು. ಅದೇ ಡಿಸೆಂಬರ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಮಾರಿ ಸಿಕ್ಕಿಬಿದ್ದರೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ.

ಅಷ್ಟು ಕಠಿಣ ಕಾಯ್ದೆ ಇದ್ದೂ ವೇಪ್ ಬೆಂಗಳೂರು, ಮಂಗಳೂರು, ಮಣಿಪಾಲದ ಕಾಲೇಜು ಹುಡುಗರ ಕೈಗೆ ಸಿಗುತ್ತಿದೆ. ಪೊಲೀಸರು ಆಗಾಗ ದಾಸ್ತಾನು ಹಿಡಿಯುತ್ತಿದ್ದಾರೆ. ಸಿಗರೇಟಿನ ವಾಸನೆ ಗೊತ್ತಿರುವ ತಂದೆತಾಯಿಗಳಿಗೆ ಈ ವಸ್ತು ಗುರುತು ಸಿಗುವುದಿಲ್ಲ. ಕೈಗೆ ತೆಗೆದುಕೊಂಡು ನೋಡಿದರೆ ತಿಳಿ ಗುಲಾಬಿಯೋ ಹಸಿರೋ ಬಣ್ಣದ, ಹೆಬ್ಬೆರಳಿನಷ್ಟು ದಪ್ಪನೆಯ, ನುಣುಪಾದ ಪ್ಲಾಸ್ಟಿಕ್ ಕೊಳವೆ. ಜ್ಯಾಮಿಟ್ರಿ ಪೆಟ್ಟಿಗೆಯಲ್ಲಿಟ್ಟರೆ ಹೈಲೈಟರ್ ಪೆನ್ನು ಅಂದುಕೊಳ್ಳಬೇಕು. ಒಳಗೆ ಪುಟ್ಟ ಲಿಥಿಯಂ ಬ್ಯಾಟರಿ, ತೆಳ್ಳಗಿನ ತಂತಿಯ ಸುರುಳಿ, ದ್ರವ ಹೀರಿಕೊಂಡ ಹತ್ತಿ. ಬಾಯಲ್ಲಿಟ್ಟು ಎಳೆದರೆ ಸುರುಳಿ ಕಾಯುತ್ತದೆ, ದ್ರವ ಆವಿಯಾಗುತ್ತದೆ. ಆ ದ್ರವದಲ್ಲಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಮಾವಿನದೋ ಕಲ್ಲಂಗಡಿಯದೋ ಪರಿಮಳ, ಮತ್ತು ನಿಕೋಟಿನ್. ಹೊಸ ಮಾದರಿಗಳಲ್ಲಿ ಇರುವುದು ನಿಕೋಟಿನ್ ಲವಣ. ಬೆಂಜೋಯಿಕ್ ಆಮ್ಲ ಸೇರಿಸಿ ಮಾಡಿದ ಈ ರೂಪದಲ್ಲಿ ಎಷ್ಟೇ ಹೆಚ್ಚು ನಿಕೋಟಿನ್ ಇದ್ದರೂ ಗಂಟಲು ಅಷ್ಟಾಗಿ ಉರಿಯುವುದಿಲ್ಲ. ಕೋಣೆಯಲ್ಲಿ ಸೇದಿದರೆ ಐದು ನಿಮಿಷದಲ್ಲಿ ಉಳಿಯುವುದು ಹಣ್ಣಿನ ವಾಸನೆಯಷ್ಟೇ.

ಮೂರನೆಯದು ಹುಕ್ಕಾ. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕೋರಮಂಗಲದ ಹುಕ್ಕಾ ಬಾರ್ ಒಂದರಲ್ಲಿ ಬೆಂಕಿ ಅನಾಹುತವಾಯಿತು. ಮರುವರ್ಷದ ಫೆಬ್ರುವರಿ 7ರಂದು ರಾಜ್ಯ ಸರ್ಕಾರ ಹುಕ್ಕಾ ಮಾರಾಟ, ಬಳಕೆ, ಜಾಹೀರಾತುಗಳನ್ನು ನಿಷೇಧಿಸಿತು. ಆಗ ಆರೋಗ್ಯ ಸಚಿವರಾಗಿದ್ದವರು ದಿನೇಶ್ ಗುಂಡೂರಾವ್. ನಿಷೇಧವನ್ನು ಪ್ರಶ್ನಿಸಿ ಕೆಲವರು ಹೈಕೋರ್ಟಿಗೆ ಹೋದರು. 2024ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ನಿಷೇಧವನ್ನು ಎತ್ತಿಹಿಡಿಯಿತು. ಜನರ ಆರೋಗ್ಯ ಕಾಪಾಡುವುದು ಸರ್ಕಾರದ ಕರ್ತವ್ಯವೆಂದು ಹೇಳುವ ಸಂವಿಧಾನದ 47ನೇ ವಿಧಿ ತೀರ್ಪಿಗೆ ಆಧಾರವಾಯಿತು. ಹುಕ್ಕಾದ ನೀರು ಹೊಗೆಯನ್ನು ಶುದ್ಧ ಮಾಡುತ್ತದೆ ಎನ್ನುವುದು ಬರೀ ನಂಬಿಕೆ. ಒಂದು ಸಲ ಕೂತು ಸೇದುವ ಹುಕ್ಕಾದಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಸಿಗರೇಟುಗಳಷ್ಟು ಹೊಗೆ ಒಳಹೋಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಎಚ್ಚರಿಸಿದ್ದಾರೆ. ತಂಬಾಕೇ ಇಲ್ಲದ ‘ಹರ್ಬಲ್’ ಹುಕ್ಕಾದಲ್ಲೂ ಇದ್ದಿಲಿನ ಕಾರ್ಬನ್ ಮೊನಾಕ್ಸೈಡ್ ಇದ್ದೇ ಇರುತ್ತದೆ.

ಗುಟ್ಕಾ, ವೇಪ್, ಹುಕ್ಕಾ. ಮೂರು ನಿಷೇಧಗಳೂ ಸರಿಯಾದವೇ. ಆದರೆ ಇವುಗಳಲ್ಲಿ ಒಂದು ಸಮಾನ ಅಂಶವಿದೆ. ರಾಜಧಾನಿಯಿಂದ ಬರುವ ಆದೇಶ ಒಂದು ರೂಪವನ್ನು ಹಿಡಿಯುತ್ತದೆ, ಅಷ್ಟರಲ್ಲಿ ನಿಕೋಟಿನ್ ಇನ್ನೊಂದು ರೂಪ ತಾಳಿರುತ್ತದೆ. ಈಚಿನ ವರ್ಷಗಳಲ್ಲಿ ತುಟಿಯ ಒಳಗೆ ಇಟ್ಟುಕೊಳ್ಳುವ ಪುದೀನಾ ಪರಿಮಳದ ತಂಬಾಕಿನ ಪುಟ್ಟ ಚೀಲಗಳು ದಕ್ಷಿಣದ ರಾಜ್ಯಗಳ ಶಾಲೆಗಳವರೆಗೂ ಬಂದಿವೆ. ಹುಡುಗ ತರಗತಿಯಲ್ಲಿ ಮೇಷ್ಟ್ರ ಎದುರೇ ಕೂತು ಬಳಸಬಹುದು: ಹೊಗೆಯಿಲ್ಲ, ಉಗುಳಿಲ್ಲ, ವಾಸನೆಯಿಲ್ಲ. 2024ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೆ ಪೀಠವು ‘ಕೂಲ್ ಲಿಪ್’ ಎಂಬ ಇಂಥದೇ ಸರಕನ್ನು ದೇಶದಾದ್ಯಂತ ಏಕೆ ನಿಷೇಧಿಸಬಾರದೆಂದು ಕೇಳಬೇಕಾಯಿತು. ಇಂಥ ಹೊಸ ಸರಕು ಯಾವ ಅಂಗಡಿಗೆ ಯಾವಾಗ ಬಂತೆಂದು ಮೊದಲು ತಿಳಿಯುವುದು ಆ ಊರಿನವರಿಗೆ. ತಡೆಯುವ ಅಧಿಕಾರವೂ ಅವರ ಹತ್ತಿರವೇ ಇದ್ದರೆ ಕೆಲಸ ಬೇಗ ಆಗುತ್ತದೆ.

ಊರುಗಳೇ ಮುಂದಾಳತ್ವ ವಹಿಸಿದ ಉದಾಹರಣೆಗಳನ್ನು ಅಮೆರಿಕ ಕೊಡುತ್ತದೆ. ಬಾಸ್ಟನ್ ನಗರದ ಹತ್ತಿರ ನೀಡಮ್ ಎಂಬ ಸಣ್ಣ ಪಟ್ಟಣವಿದೆ. 2005ರಲ್ಲಿ ಆ ಪಟ್ಟಣ ತನ್ನ ಗಡಿಯೊಳಗೆ ತಂಬಾಕು ಮಾರಾಟದ ವಯಸ್ಸನ್ನು 21ಕ್ಕೆ ಏರಿಸಿತು. ದೇಶದಲ್ಲಿ ಆಗ ಬೇರೆಲ್ಲೂ ಹಾಗಿರಲಿಲ್ಲ. ಹುಡುಗರು ಸೈಕಲ್ ಹತ್ತಿ ಪಕ್ಕದ ಪಟ್ಟಣಕ್ಕೆ ಹೋಗುತ್ತಾರೆ, ಇದರಿಂದ ಏನೂ ಆಗದು ಎಂದೇ ಬಹಳ ಮಂದಿ ತಿಳಿದಿದ್ದರು. 2006ರಿಂದ 2010ರೊಳಗೆ ಅಲ್ಲಿನ ಹೈಸ್ಕೂಲ್ ಮಕ್ಕಳಲ್ಲಿ ಸಿಗರೇಟು ಸೇದುವವರ ಪ್ರಮಾಣ ಶೇ. 13ರಿಂದ 7ಕ್ಕೆ ಇಳಿಯಿತು. ಸುತ್ತಲಿನ ಪಟ್ಟಣಗಳಲ್ಲಿ ಇಳಿದದ್ದು ಶೇ. 15ರಿಂದ 12ಕ್ಕೆ. ಒಂದು ಪಟ್ಟಣದ ನಿಯಮ ಮುಂದೆ ನೂರಾರು ಊರುಗಳ ನಿಯಮವಾಯಿತು, 2019ರ ಡಿಸೆಂಬರ್‌ನಲ್ಲಿ ಇಡೀ ದೇಶದ ಕಾನೂನಾಯಿತು.

ಪರಿಮಳದ ವಿಷಯದಲ್ಲೂ ಹೀಗೇ. 2009ರಲ್ಲಿ ಅಮೆರಿಕದ ಕೇಂದ್ರ ಕಾಯ್ದೆ ಹಣ್ಣು, ಮಿಠಾಯಿ ಪರಿಮಳದ ಸಿಗರೇಟುಗಳನ್ನು ನಿಲ್ಲಿಸಿತಾದರೂ ಮೆಂಥಾಲ್ ಅನ್ನು ಹಾಗೆಯೇ ಬಿಟ್ಟಿತು. ಇ–ಸಿಗರೇಟು ಅದರ ವ್ಯಾಪ್ತಿಗೆ ಬರಲಿಲ್ಲ. 2017ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರಾಡಳಿತವು ಎಲ್ಲ ಬಗೆಯ ಪರಿಮಳದ ತಂಬಾಕಿನ ಮಾರಾಟವನ್ನು ನಿಷೇಧಿಸಿತು. ದೊಡ್ಡ ಸಿಗರೇಟು ಕಂಪನಿಯೊಂದು ಒಂದು ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿ ಅದನ್ನು ಜನಮತಕ್ಕೆ ಎಳೆಯಿತು. 2018ರ ಜೂನ್‌ನಲ್ಲಿ ಮತದಾರರ ಪೈಕಿ ಶೇ. 68ರಷ್ಟು ಮಂದಿ ನಿಷೇಧದ ಪರವಾಗಿ ನಿಂತರು. ಗಮನಿಸಬೇಕಾದ ಮಾತೆಂದರೆ, ಅಮೆರಿಕದ ಮಕ್ಕಳಿಗೆ ವೇಪ್ ಹುಚ್ಚು ಹಿಡಿಸಿದ ‘ಜೂಲ್’ ಕಂಪನಿಯ ಪ್ರಧಾನ ಕಚೇರಿ ಇದ್ದದ್ದು ಇದೇ ನಗರದಲ್ಲಿ. 2019ರಲ್ಲಿ ಅಮೆರಿಕದ ಹೈಸ್ಕೂಲ್ ವಿದ್ಯಾರ್ಥಿಗಳಲ್ಲಿ ಶೇ. 27.5ರಷ್ಟು ಮಂದಿ ಇ–ಸಿಗರೇಟು ಬಳಸುತ್ತಿದ್ದರು. 2024ರಲ್ಲಿ ಆ ಪ್ರಮಾಣ ಶೇ. 7.8. ಈ ಇಳಿಕೆಗೆ ಕೊರೊನಾ ಕಾಲದ ರಜೆ, ವೇಪ್ ಸೇದಿ ಆಸ್ಪತ್ರೆ ಸೇರಿದ ಮಕ್ಕಳ ಸುದ್ದಿ, ವಯೋಮಿತಿ, ಪರಿಮಳ ನಿಯಂತ್ರಣ ಹೀಗೆ ಹಲವು ಕಾರಣಗಳಿವೆ. ಕ್ಯಾಲಿಫೋರ್ನಿಯಾ ರಾಜ್ಯದ ಮತದಾರರು ಇಡೀ ರಾಜ್ಯದಲ್ಲಿ ಪರಿಮಳದ ತಂಬಾಕು ಬೇಡವೆಂದದ್ದು 2022ರಲ್ಲಿ. ಅಷ್ಟರಲ್ಲಿ ಆ ರಾಜ್ಯದ ಎಷ್ಟೋ ಊರುಗಳು ತಾವಾಗಿಯೇ ಆ ನಿರ್ಧಾರ ಮಾಡಿಯಾಗಿತ್ತು.

ಕರ್ನಾಟಕದ ಊರುಗಳ ಕೈಯಲ್ಲಿ ಏನಿದೆ? ಬೇಕಾದಷ್ಟಿದೆ.

ಮೊದಲನೆಯದು ಪರವಾನಗಿ. ಪುರಸಭೆ, ನಗರಸಭೆ, ಮಹಾನಗರ ಪಾಲಿಕೆಗಳು ಅಂಗಡಿಗಳಿಗೆ ಉದ್ದಿಮೆ ಪರವಾನಗಿ ಕೊಡುತ್ತವೆ. ಹಳ್ಳಿಗಳಲ್ಲಿ ಆ ಅಧಿಕಾರ ಗ್ರಾಮ ಪಂಚಾಯಿತಿಯದು. 2017ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಎಲ್ಲ ರಾಜ್ಯಗಳಿಗೆ ಪತ್ರ ಬರೆದು ಒಂದು ಸಲಹೆ ಕೊಟ್ಟಿತು. ತಂಬಾಕು ಮಾರುವ ಅಂಗಡಿಗೆ ಸ್ಥಳೀಯ ಸಂಸ್ಥೆಯ ಪ್ರತ್ಯೇಕ ಅನುಮತಿ ಇರಲಿ, ಅಲ್ಲಿ ಚಾಕೊಲೇಟ್, ಚಿಪ್ಸ್, ಬಿಸ್ಕತ್ತು, ತಂಪು ಪಾನೀಯ ಮಾರಲು ಅವಕಾಶ ಬೇಡ ಎಂದು. ಲಖನೌ ಮಹಾನಗರ ಪಾಲಿಕೆ 2021ರಲ್ಲಿ ತಂಬಾಕು ಮಾರಾಟಕ್ಕೆ ಪರವಾನಗಿ ಕಡ್ಡಾಯ ಮಾಡಿತು. ಪೆಪ್ಪರ್‌ಮಿಂಟ್ ಬಾಟಲಿಯ ಹಿಂದೆ ಸಿಗರೇಟು ಪ್ಯಾಕು ಇಡುವ ಅಂಗಡಿಯ ರೂಪವನ್ನೇ ಬದಲಿಸುವ ಉಪಾಯ ಇದು. ಪರವಾನಗಿ ಇದ್ದರೆ ಯಾರು ಮಾರುತ್ತಿದ್ದಾರೆಂಬ ಪಟ್ಟಿ ಇರುತ್ತದೆ. 21 ತುಂಬದವರಿಗೆ ಮಾರಿದರೆ, ನಿಷೇಧಿತ ವೇಪ್ ಇಟ್ಟರೆ ಪರವಾನಗಿ ರದ್ದು ಮಾಡಬಹುದು. ಇನ್ನೂರು, ಸಾವಿರ ರೂಪಾಯಿ ದಂಡಕ್ಕೆ ಹೆದರದ ಅಂಗಡಿಯವರು ಪರವಾನಗಿ ಹೋದೀತೆಂದರೆ ಹೆದರುತ್ತಾರೆ.

ಎರಡನೆಯದು ಗೆರೆ. ತಂಬಾಕುಮುಕ್ತ ಶಿಕ್ಷಣ ಸಂಸ್ಥೆಗಳ ಮಾರ್ಗಸೂಚಿಯಂತೆ ಶಾಲೆಯ ಕಾಂಪೌಂಡಿನಿಂದ 100 ಗಜ ದೂರದಲ್ಲಿ ರಸ್ತೆಗೆ ಹಳದಿ ಗೆರೆ ಎಳೆಯಬೇಕು. ಈಗ ರಾಜ್ಯದ ಕಾಯ್ದೆ 100 ಮೀಟರ್ ಎಂದಿರುವುದರಿಂದ ಗೆರೆ ಇನ್ನೂ ಸ್ವಲ್ಪ ಆಚೆ ಹೋಗಬೇಕು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಹೆಡ್‌ಮೇಷ್ಟ್ರು, ಪಂಚಾಯಿತಿಯ ಒಬ್ಬ ಸಿಬ್ಬಂದಿ, ಒಂದು ಅಳತೆ ಟೇಪು, ಒಂದು ಡಬ್ಬಿ ಬಣ್ಣ ಇದ್ದರೆ ಒಂದು ಬೆಳಗ್ಗೆಯಲ್ಲಿ ಮುಗಿಯುವ ಕೆಲಸ. ಗೆರೆ ಕಣ್ಣಿಗೆ ಬಿದ್ದರೆ ಅಂಗಡಿ ಒಳಗಿದೆಯೋ ಹೊರಗಿದೆಯೋ ಎಂಬ ಜಗಳ ಅಲ್ಲಿಗೇ ಮುಗಿಯುತ್ತದೆ.

ಮೂರನೆಯದು ಮಕ್ಕಳ ದನಿ. ಪ್ರತಿ ವರ್ಷ ನವೆಂಬರ್ ಹೊತ್ತಿಗೆ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಶೌಚಾಲಯಕ್ಕೆ ನೀರಿಲ್ಲ, ಬಸ್ಸು ಸರಿಯಾದ ಹೊತ್ತಿಗೆ ಬರುವುದಿಲ್ಲ, ಶಾಲೆಗೆ ಕಾಂಪೌಂಡು ಇಲ್ಲ ಎಂದು ಮಕ್ಕಳು ಎದ್ದುನಿಂತು ಅಧ್ಯಕ್ಷರನ್ನೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನೂ (ಪಿಡಿಒ) ಕೇಳುತ್ತಾರೆ. ಶಾಲೆಯ ಪಕ್ಕದ ಅಂಗಡಿಯಲ್ಲಿ ಗುಟ್ಕಾ ಯಾಕೆ ಮಾರುತ್ತಾರೆ ಎಂಬ ಪ್ರಶ್ನೆಯೂ ಆ ಸಭೆಯ ನಡವಳಿಯಲ್ಲಿ ದಾಖಲಾಗಬೇಕು, ಮುಂದಿನ ವರ್ಷ ಉತ್ತರ ಓದಬೇಕು. ರಾಜ್ಯದ ಹಲವು ಜಿಲ್ಲೆಗಳಲ್ಲಿ ‘ಗುಲಾಬಿ ಆಂದೋಲನ’ದ ಹೆಸರಿನಲ್ಲಿ ವಿದ್ಯಾರ್ಥಿಗಳು ತಂಬಾಕು ಬಳಸುವವರಿಗೂ ಮಾರುವವರಿಗೂ ಗುಲಾಬಿ ಹೂ ಕೊಟ್ಟು, ಬಿಟ್ಟುಬಿಡಿ ಎಂದು ಕೇಳಿಕೊಂಡಿದ್ದಾರೆ. ಅಂಥ ಮೆರವಣಿಗೆಯ ಮರುದಿನವೇ ಪಂಚಾಯಿತಿಯೂ ಪೊಲೀಸರೂ ಆ ಬೀದಿಗೆ ಹೋಗಿ ಅಂಗಡಿಗಳನ್ನು ನೋಡಿದರೆ ಮಕ್ಕಳ ಮಾತಿಗೆ ಬೆಲೆ ಬರುತ್ತದೆ.

ಈ ಕ್ರಮಗಳಿಗೆ ಬರುವ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಗೂಡಂಗಡಿ ನಡೆಸುವವರಲ್ಲಿ ಬಹಳ ಮಂದಿ ಬಡವರು. ತಂಬಾಕಿನ ಗಿರಾಕಿ ದಿನಾ ಬರುತ್ತಾನೆ, ಅದೇ ಅವರ ವ್ಯಾಪಾರದ ಆಧಾರ. ಆದ್ದರಿಂದ ಶಾಲೆಯ ಹತ್ತಿರದ ಅಂಗಡಿಗಳಿಂದ ತೆಗೆಯಬೇಕಾದದ್ದು ತಂಬಾಕನ್ನು ಮಾತ್ರ, ಅಂಗಡಿಯನ್ನಲ್ಲ. ಬಾಳೆಹಣ್ಣು, ನೋಟ್‌ಬುಕ್ಕು, ಪೆನ್ನು, ಬಿಸ್ಕತ್ತು ಮಾರಲು ಯಾರ ಅಡ್ಡಿಯೂ ಇಲ್ಲ. ಹಾಗೆ ಬದಲಾಗಲು ಒಪ್ಪಿದವರಿಗೆ ಪುರಸಭೆ ಶುಲ್ಕದಲ್ಲಿ ರಿಯಾಯಿತಿ ಕೊಡುವ ಮನಸ್ಸು ಮಾಡಬೇಕು.

ಬೆಳೆಗಾರರ ಮಾತೂ ಬರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಸುತ್ತ ಸಾವಿರಾರು ಕುಟುಂಬಗಳು ವರ್ಜೀನಿಯಾ ತಂಬಾಕು ಬೆಳೆದು ಬದುಕುತ್ತಿವೆ. ನಿಪ್ಪಾಣಿ ಸೀಮೆ ಬೀಡಿ ತಂಬಾಕಿಗೆ ಹೆಸರುವಾಸಿ. ಆದರೆ ಮೈಸೂರು ಸೀಮೆಯ ತಂಬಾಕಿನ ದೊಡ್ಡ ಪಾಲು ರಫ್ತಾಗುತ್ತದೆ. ಹದಿನೇಳರ ಹುಡುಗನಿಗೆ ಪುದೀನಾ ಸಿಗರೇಟು ಸಿಗದಂತೆ ಮಾಡಿದ ಮಾತ್ರಕ್ಕೆ ಹರಾಜು ಕಟ್ಟೆಯ ಬೆಲೆ ಕುಸಿಯುವುದಿಲ್ಲ. ಆ ರೈತರಿಗೆ ಬದಲಿ ಬೆಳೆ, ನ್ಯಾಯವಾದ ಬೆಲೆ ಒದಗಿಸುವುದು ಬೇರೆಯೇ ಜವಾಬ್ದಾರಿ. ಅದನ್ನು ಮುಂದಿಟ್ಟುಕೊಂಡು ಮಕ್ಕಳ ವಿಷಯವನ್ನು ಹಿಂದಕ್ಕೆ ತಳ್ಳಬಾರದು.

ಈಗಾಗಲೇ ಚಟಕ್ಕೆ ಬಿದ್ದಿರುವ ಮಕ್ಕಳ ಬಗ್ಗೆ ಒಂದು ಮಾತು. ಮಗನ ಚೀಲದಲ್ಲಿ ವೇಪ್ ಸಿಕ್ಕಿತೆಂದು ಹೊಡೆದು ಬೈದರೆ ಅವನು ಬಚ್ಚಿಡುವ ಜಾಗ ಬದಲಿಸುತ್ತಾನೆ ಅಷ್ಟೇ. ಕಾಲೇಜಿನಿಂದ ಹೊರಹಾಕಿದರೆ ಅವನನ್ನು ಗಮನಿಸುವವರು ಇನ್ನೂ ಕಡಿಮೆಯಾಗುತ್ತಾರೆ. ಕೇಂದ್ರದ ಇ–ಸಿಗರೇಟು ಕಾಯ್ದೆ ಕೂಡ ಶಿಕ್ಷೆಯನ್ನು ತಯಾರಿಸುವವರ, ಮಾರುವವರ, ದಾಸ್ತಾನು ಇಡುವವರ ಮೇಲೆ ಹೊರಿಸಿದೆ. ಸೇದಿದ್ದಕ್ಕೆಂದು ಪ್ರತ್ಯೇಕ ಶಿಕ್ಷೆ ಹೇಳಿಲ್ಲ. ನಿಕೋಟಿನ್ ಚಟ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ.

ಕೇಳುಗರಲ್ಲಿ ಪಂಚಾಯಿತಿ ಸದಸ್ಯರಿರಬಹುದು, ಪುರಸಭೆಯ ಕೌನ್ಸಿಲರುಗಳಿರಬಹುದು, ಉಪಾಧ್ಯಾಯರಿರಬಹುದು, ಅಂಗಡಿ ನಡೆಸುವವರಿರಬಹುದು. ನಿಮ್ಮ ಊರಿನ ಶಾಲೆಯ ಗೇಟಿನಿಂದ ನೂರು ಮೀಟರ್ ಅಳೆಯಿರಿ. ಅದರೊಳಗೆ ತಂಬಾಕು ಮಾರುವ ಅಂಗಡಿಗಳ ಪಟ್ಟಿ ಮಾಡಿ ಮುಂದಿನ ಸಾಮಾನ್ಯ ಸಭೆಯಲ್ಲಿ ಇಡಿ. ತಂಬಾಕು ಮಾರಾಟಕ್ಕೆ ಪ್ರತ್ಯೇಕ ಪರವಾನಗಿ ಬೇಕೆಂದು ನಿರ್ಣಯ ಮಾಡಿ. ಮನೆಯಲ್ಲಿ, ಹಾಸ್ಟೆಲ್ಲಿನಲ್ಲಿ ತಂಬಾಕು ಬಿಡಲು ಬಯಸುವವರು ಯಾರಾದರೂ ಇದ್ದರೆ ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿಯ ಸಂಖ್ಯೆಯನ್ನು ಬರೆದುಕೊಡಿ: 1800 11 2356. ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಈ ಸಹಾಯವಾಣಿಯ ದಕ್ಷಿಣದ ಕೇಂದ್ರ, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.